ಫ್ಯೂಚರ್ ಟೆನ್ಸ್: ವಿಲ್ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು? ಕನ್ನಡಿಗರಿಗೆ ಹಂತ ಹಂತದ ಸಮಗ್ರ ಮಾರ್ಗದರ್ಶಿ

ವಿಲ್ ಹಾಕಿದರೆ ಫ್ಯೂಚರ್ ಟೆನ್ಸ್ ಆಗುತ್ತದೆ ಅಂತ ಎಲ್ಲರಿಗೂ ಗೊತ್ತು. ಶಾಲೆಯ ಪಟ್ಟಿಯೂ ಬಾಯಿಪಾಠ ಇರುತ್ತದೆ. ಆದರೂ ಬರೆಯಲು ಕೂತರೆ ಇದೇ ಮೂರು ತಪ್ಪು ಮತ್ತೆ ಮತ್ತೆ ಬರುತ್ತವೆ.

“ಡೈಲಿ ಐ ವಿಲ್ ಗೆಟ್ ಅಪ್ ಅಟ್ ಸಿಕ್ಸ್.”
“ಇಫ್ ಹಿ ವಿಲ್ ಕಮ್, ಐ ವಿಲ್ ಟೆಲ್ ಹಿಮ್.”
“ಹಿ ಟೋಲ್ಡ್ ದಟ್ ಐ ವಿಲ್ ಕಮ್.”

ಮೂರರಲ್ಲೂ ವಿಲ್ ಇದೆ. ಮೂರೂ ತಪ್ಪು. ಇದು ಓದು ಸಾಲದೆ ಆಗುವ ತಪ್ಪಲ್ಲ, ಕನ್ನಡದ ಅಭ್ಯಾಸದಿಂದ ಬರುವ ತಪ್ಪು. ನಮ್ಮ “ಬರುತ್ತೇನೆ” ಎರಡು ಕೆಲಸ ಮಾಡುತ್ತದೆ. “ದಿನಾ ಬರುತ್ತೇನೆ” ಅಂತಲೂ ಹೇಳುತ್ತೇವೆ, “ನಾಳೆ ಬರುತ್ತೇನೆ” ಅಂತಲೂ ಹೇಳುತ್ತೇವೆ. ವ್ಯಾಕರಣ ಪುಸ್ತಕದ “ಬರುವೆನು” ದಿನದ ಮಾತಿನಲ್ಲಿ ಕೇಳಿಸುವುದೇ ಕಡಿಮೆ. ಇಂಗ್ಲಿಷ್‌ನಲ್ಲಿ ದಿನದ ರೂಢಿಗೆ ಒಂದು ರೂಪ ಇದೆ, ಮುಂದೆ ಆಗುವುದಕ್ಕೆ ನಾಲ್ಕೈದು ರೂಪ ಇವೆ. ಹಾಗಾಗಿ ಮೊದಲು ರೂಪವನ್ನು ಆರಿಸಬೇಕು, ಆಮೇಲೆ ಕಟ್ಟಬೇಕು. ಕೆಳಗಿನ ಹಂತಗಳು ಅದೇ ಕ್ರಮದಲ್ಲಿವೆ. ಒಂದನ್ನೂ ಹಾರಿಸಬೇಡಿ.

## ಶುರು ಮಾಡುವ ಮೊದಲು ಏನೇನು ಬೇಕು

ಒಂದು ನೋಟ್‌ಬುಕ್, ಎರಡು ಬಣ್ಣದ ಪೆನ್, ನಿಮ್ಮ ಮುಂದಿನ ವಾರದ ಕ್ಯಾಲೆಂಡರ್. ಕ್ಯಾಲೆಂಡರ್ ಯಾಕೆ ಅಂದರೆ, ಪುಸ್ತಕದ “ರಾಮ ವಿಲ್ ಈಟ್ ಎ ಮ್ಯಾಂಗೊ” ಥರದ ವಾಕ್ಯದಲ್ಲಿ ಆರಿಸುವ ಕೆಲಸವೇ ಇರುವುದಿಲ್ಲ. ರಾಮ ಯಾವಾಗ ತೀರ್ಮಾನ ಮಾಡಿದ, ಯಾರ ಜೊತೆ ಮಾತಾಡಿದ, ಏನೂ ಗೊತ್ತಿಲ್ಲ. ನಿಮ್ಮದೇ ಕೆಲಸಗಳಾದರೆ ಎಲ್ಲ ಗೊತ್ತಿರುತ್ತದೆ.

ಜೊತೆಗೆ ನೀವು ಜಾಸ್ತಿ ಬಳಸುವ 30 ಕ್ರಿಯಾಪದಗಳ ಪಟ್ಟಿ ಮಾಡಿಕೊಳ್ಳಿ. ಪ್ರತಿಯೊಂದಕ್ಕೂ ಮೂರು ರೂಪ ಬರೆಯಿರಿ: ಮೂಲ ರೂಪ, ಇಂಗ್ ರೂಪ, ಮೂರನೆಯ ರೂಪ. ಗೋ, ಗೋಯಿಂಗ್, ಗಾನ್. ರೈಟ್, ರೈಟಿಂಗ್, ರಿಟನ್. ಫ್ಯೂಚರ್ ಕಟ್ಟಲು ಈ ಮೂರು ಸಾಕು. ವೆಂಟ್, ರೋಟ್ ಥರದ ಎರಡನೆಯ ರೂಪಕ್ಕೆ ಇಲ್ಲಿ ಕೆಲಸವೇ ಇಲ್ಲ.

## ಹಂತ 1: ಇದು ನಾಳೆಯ ಮಾತೋ, ದಿನದ ಮಾತೋ ನೋಡಿ

ಇಂಗ್ಲಿಷ್‌ಗೆ ಹೋಗುವ ಮೊದಲು ತಲೆಯಲ್ಲಿರುವ ಕನ್ನಡ ವಾಕ್ಯಕ್ಕೆ ಎರಡು ಪದ ಸೇರಿಸಿ ನೋಡಿ: “ದಿನಾ” ಮತ್ತು “ನಾಳೆ”. ಯಾವುದು ಹೊಂದುತ್ತದೆ?

“ನಮ್ಮಪ್ಪ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾರೆ.” ಇದಕ್ಕೆ “ದಿನಾ” ಹೊಂದುತ್ತದೆ. ಹಾಗಾಗಿ ವಿಲ್ ಬೇಡ: “ಮೈ ಫಾದರ್ ವರ್ಕ್ಸ್ ಇನ್ ಎ ಬ್ಯಾಂಕ್.” “ಮೈ ಫಾದರ್ ವಿಲ್ ವರ್ಕ್ ಇನ್ ಎ ಬ್ಯಾಂಕ್” ಅಂದರೆ ಅವರು ಮುಂದೆ ಯಾವಾಗಲೋ ಸೇರಲಿದ್ದಾರೆ ಅಂತ ಕೇಳುವವರಿಗೆ ಅರ್ಥವಾಗುತ್ತದೆ.

ಸಂದರ್ಶನದಲ್ಲಿ ಇದು ತುಂಬಾ ತೊಂದರೆ ಕೊಡುತ್ತದೆ. ಬಿಡುವಿನಲ್ಲಿ ಏನು ಮಾಡುತ್ತೀರಿ ಅಂತ ಕೇಳಿದಾಗ “ಐ ವಿಲ್ ರೀಡ್ ಬುಕ್ಸ್” ಅಂದರೆ, ಇನ್ನು ಮುಂದೆ ಓದುತ್ತೇನೆ ಎಂಬ ಭರವಸೆಯ ಹಾಗೆ ಕೇಳುತ್ತದೆ. ಹೇಳಬೇಕಾದ್ದು “ಐ ರೀಡ್ ಬುಕ್ಸ್.” ಊರು, ಹವಾಮಾನ, ಲೋಕದ ಸತ್ಯ ಹೇಳುವಾಗಲೂ ಇದೇ ಲೆಕ್ಕ. ಆಗುಂಬೆಯಲ್ಲಿ ಮಳೆ ಜಾಸ್ತಿ ಬರುತ್ತದೆ ಅನ್ನಲು “ಇಟ್ ರೇನ್ಸ್ ಎ ಲಾಟ್ ಇನ್ ಆಗುಂಬೆ.” ನಾಳೆ ಆಗುಂಬೆಯಲ್ಲಿ ಮಳೆ ಬರುತ್ತದೆ ಅನ್ನುವಾಗ ಮಾತ್ರ “ಇಟ್ ವಿಲ್ ರೇನ್.”

“ಇಲ್ಲ” ಸೇರಿದಾಗ ಇನ್ನೂ ಜಾಸ್ತಿ ಎಚ್ಚರ ಬೇಕು. “ಅವನು ಮೊಟ್ಟೆ ತಿನ್ನಲ್ಲ” ಅಂದರೆ ಅದು ಅವನ ರೂಢಿ: “ಹಿ ಡಸಂಟ್ ಈಟ್ ಎಗ್ಸ್.” “ಹಿ ವೋಂಟ್ ಈಟ್ ಎಗ್ಸ್” ಅಂದರೆ ಕೊಟ್ಟರೂ ಹಟ ಹಿಡಿದು ಬೇಡ ಅನ್ನುತ್ತಾನೆ ಎಂಬ ಛಾಯೆ ಬರುತ್ತದೆ. “ಈ ಬಸ್ ಇಲ್ಲಿ ನಿಲ್ಲಲ್ಲ” ಅನ್ನುವುದಕ್ಕೂ “ದಿಸ್ ಬಸ್ ಡಸಂಟ್ ಸ್ಟಾಪ್ ಹಿಯರ್” ಸರಿ.

ಎಚ್ಚರಿಕೆಯ ಗುರುತು: ವಿಲ್ ಇರುವ ವಾಕ್ಯದಲ್ಲಿ ಡೈಲಿ, ಎವ್ರಿ ಡೇ, ಯೂಶುವಲಿ, ಜನರಲಿ ಕಂಡರೆ ಅಲ್ಲೇ ನಿಲ್ಲಿ. ಹತ್ತರಲ್ಲಿ ಒಂಬತ್ತು ಸಲ ವಿಲ್ ತೆಗೆಯಬೇಕಾಗುತ್ತದೆ. “ಫ್ರಂ ಟುಮಾರೊ ಐ ವಿಲ್ ಗೆಟ್ ಅಪ್ ಅಟ್ ಸಿಕ್ಸ್ ಎವ್ರಿ ಡೇ” ಮಾತ್ರ ಸರಿ. ಅಲ್ಲಿ ರೂಢಿಯೇ ನಾಳೆಯಿಂದ ಶುರುವಾಗುತ್ತದೆ.

## ಹಂತ 2: ಅದು ಆಗುತ್ತದೆ ಅಂತ ನಿಮಗೆ ಹೇಗೆ ಗೊತ್ತು?

ನಾಳೆಯ ಮಾತೇ ಅಂತ ಗೊತ್ತಾಯಿತು. ಆದರೂ ವಿಲ್‌ಗೆ ಕೈ ಹಾಕಬೇಡಿ. ಈ ಪ್ರಶ್ನೆ ಕೇಳಿಕೊಳ್ಳಿ: ಇದು ಆಗುತ್ತದೆ ಅಂತ ನಾನು ಯಾವ ಆಧಾರದ ಮೇಲೆ ಹೇಳುತ್ತಿದ್ದೇನೆ? ನನ್ನ ಪ್ರಕಾರ ಇಡೀ ಫ್ಯೂಚರ್ ಟೆನ್ಸ್‌ನ ಜೀವ ಇರುವುದು ಈ ಪ್ರಶ್ನೆಯಲ್ಲೇ. ಪಟ್ಟಿ ಉರುಹೊಡೆದವರಿಗೆ ಇದನ್ನು ಯಾರೂ ಕೇಳಿಸುವುದಿಲ್ಲ.

ಈಗ, ಮಾತಾಡುತ್ತಿರುವಾಗಲೇ ತೀರ್ಮಾನ ಮಾಡಿದಿರಾ? ವಿಲ್ ಹಾಕಿ. ಬಾಗಿಲು ಬಡಿದ ಸದ್ದಾಯಿತು, “ಐ'ಲ್ ಓಪನ್ ಇಟ್” ಅಂದಿರಿ. ಮಾತು ಕೊಡುವುದು, ಸಹಾಯಕ್ಕೆ ಮುಂದಾಗುವುದು ಎಲ್ಲ ಈ ಗುಂಪಿನವು.

ಮೊದಲೇ ಮನಸ್ಸಿನಲ್ಲಿ ಇತ್ತಾ? ಕನ್ನಡದಲ್ಲಿ “ಮಾಡಬೇಕು ಅಂತಿದ್ದೀನಿ” ಅಂತ ಹೇಳಬಹುದಾದರೆ ಗೋಯಿಂಗ್ ಟು. “ಈ ವರ್ಷ ಕಾರು ಕಲಿಯಬೇಕು ಅಂತಿದ್ದೀನಿ” ಅಂದರೆ “ಐ'ಮ್ ಗೋಯಿಂಗ್ ಟು ಲರ್ನ್ ಡ್ರೈವಿಂಗ್ ದಿಸ್ ಇಯರ್.”

ಇನ್ನೊಬ್ಬರ ಜೊತೆ ಮಾತಾಗಿದೆಯಾ, ಟಿಕೆಟ್ ಆಗಿದೆಯಾ, ಸಮಯ ಗೊತ್ತಾಗಿದೆಯಾ? ಆಗ ಪ್ರೆಸೆಂಟ್ ಕಂಟಿನ್ಯುಯಸ್, ಅಂದರೆ ಆಮ್, ಈಸ್, ಆರ್ ಜೊತೆ ಇಂಗ್ ರೂಪ. “ನಾಳೆ ಡಾಕ್ಟರ್ ಹತ್ರ ಹೋಗ್ತಾ ಇದೀನಿ” ಅನ್ನುವುದಿಲ್ಲವೇ, ಅದೇ ರೂಪ: “ಐ'ಮ್ ಸೀಯಿಂಗ್ ದ ಡಾಕ್ಟರ್ ಟುಮಾರೊ.” ಇಲ್ಲಿ ಕನ್ನಡವೂ ಇಂಗ್ಲಿಷೂ ಒಂದೇ ದಾರಿ ಹಿಡಿಯುತ್ತವೆ.

ಟೈಮ್‌ಟೇಬಲ್ ಹೇಳುತ್ತಿದೆಯಾ? ಸಿಂಪಲ್ ಪ್ರೆಸೆಂಟ್, ಅಂದರೆ ಹಂತ 1ರಲ್ಲಿ ದಿನದ ರೂಢಿಗೆ ಬಳಸಿದ ರೂಪವೇ ಸಾಕು.

ಕಣ್ಣೆದುರು ಲಕ್ಷಣ ಕಾಣುತ್ತಿದೆಯಾ? ಮೋಡ ಕವಿದಿದೆ, ಗಾಳಿ ಎದ್ದಿದೆ: “ಇಟ್'ಸ್ ಗೋಯಿಂಗ್ ಟು ರೇನ್.” ಸುಮ್ನೆ ನಿಮ್ಮ ಅನಿಸಿಕೆಯಾದರೆ “ಐ ಥಿಂಕ್ ಇಟ್ ವಿಲ್ ರೇನ್.”

ಈ ಗೆರೆಗಳು ಕಲ್ಲಲ್ಲಿ ಕೆತ್ತಿದವಲ್ಲ. ವಿಲ್ ಮತ್ತು ಗೋಯಿಂಗ್ ಟು ಎರಡೂ ನಡೆಯುವ ಜಾಗಗಳು ಬೇಕಾದಷ್ಟಿವೆ. ಆದರೆ ಒಂದು ಜಾಗದಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಗೆಳತಿ ಆಸ್ಪತ್ರೆಯಲ್ಲಿದ್ದಾಳೆ ಅಂತ ಯಾರೋ ಹೇಳಿದರು. “ಗೊತ್ತು, ಸಂಜೆ ನೋಡೋಕೆ ಹೋಗ್ತಿದೀನಿ” ಅನ್ನುವುದು ನಿಮ್ಮ ಉದ್ದೇಶ. “ಐ ನೋ. ಐ'ಲ್ ವಿಸಿಟ್ ಹರ್ ದಿಸ್ ಈವನಿಂಗ್” ಅಂದರೆ ಈಗ ಹೇಳಿದ್ದಕ್ಕೆ ಹೋಗುವ ಮನಸ್ಸು ಮಾಡಿದಿರಿ ಅಂತ ಕೇಳುತ್ತದೆ. “ಐ'ಮ್ ಗೋಯಿಂಗ್ ಟು ವಿಸಿಟ್ ಹರ್” ಅಂದರೆ ಮೊದಲೇ ನಿಶ್ಚಯ ಮಾಡಿದ್ದಿರಿ ಅಂತ ಗೊತ್ತಾಗುತ್ತದೆ.

## ಹಂತ 3: ವಿಲ್ ರೂಪವನ್ನು ಕಟ್ಟಿ

ಕ್ರಮ ಇಷ್ಟೇ: ಕರ್ತೃ, ವಿಲ್, ಕ್ರಿಯಾಪದದ ಮೂಲ ರೂಪ. “ಶಿ ವಿಲ್ ಕಮ್.” ಕರ್ತೃ ಯಾರೇ ಆಗಲಿ, ವಿಲ್ ಬದಲಾಗುವುದಿಲ್ಲ. ಅದರ ಮುಂದಿನ ಕ್ರಿಯಾಪದಕ್ಕೆ ಏನೂ ಅಂಟುವುದಿಲ್ಲ. “ವಿಲ್ ಕಮ್ಸ್”, “ವಿಲ್ ಟು ಕಮ್”, “ವಿಲ್ ಕಮಿಂಗ್”, “ವಿಲ್ ಕೇಮ್” ನಾಲ್ಕೂ ತಪ್ಪು.

ನಮ್ಮವರು ಹೆಚ್ಚು ಎಡವುವುದು “ಬಿ” ಬಿಟ್ಟುಹೋದಾಗ. ಕನ್ನಡದಲ್ಲಿ “ನಾಳೆ ನಾನು ಬ್ಯುಸಿ” ಅಂದರೆ ಸಾಕು, ಕ್ರಿಯಾಪದವೇ ಬೇಡ. ಇಂಗ್ಲಿಷ್‌ನಲ್ಲಿ “ಐ ವಿಲ್ ಬ್ಯುಸಿ ಟುಮಾರೊ” ನಡೆಯುವುದಿಲ್ಲ. “ಐ ವಿಲ್ ಬಿ ಬ್ಯುಸಿ” ಅನ್ನಲೇಬೇಕು. ವಿಲ್ ಆದ ಮೇಲೆ ಬ್ಯುಸಿ, ಲೇಟ್, ಹ್ಯಾಪಿ, ಅಟ್ ಹೋಮ್, ದೇರ್ ಥರದ ಪದ ನೇರವಾಗಿ ಬಂದರೆ ನಡುವೆ ಬಿ ಹಾಕಿ. “ಇರುತ್ತದೆ” ಅನ್ನುವುದಕ್ಕೆ “ದೇರ್ ವಿಲ್ ಬಿ”: “ನಾಳೆ ಕರೆಂಟ್ ಇರಲ್ಲ” ಅಂದರೆ “ದೇರ್ ವಿಲ್ ಬಿ ನೋ ಪವರ್ ಟುಮಾರೊ.”

ವಿಲ್ ಪಕ್ಕ ಕ್ಯಾನ್, ಮಸ್ಟ್, ಮೇ ಕೂರುವುದಿಲ್ಲ. “ಮಾಡೋಕಾಗುತ್ತೆ” ಅನ್ನಲು “ವಿಲ್ ಬಿ ಏಬಲ್ ಟು”. “ಮಾಡಬೇಕಾಗುತ್ತೆ” ಅನ್ನಲು “ವಿಲ್ ಹ್ಯಾವ್ ಟು”. “ನಾಳೆ ಬೇಗ ಏಳಬೇಕಾಗುತ್ತೆ” ಅಂದರೆ “ಐ'ಲ್ ಹ್ಯಾವ್ ಟು ಗೆಟ್ ಅಪ್ ಅರ್ಲಿ ಟುಮಾರೊ.”

ವಿಲ್ ನಾಟ್ ಚಿಕ್ಕದಾಗಿ ವೋಂಟ್ ಆಗುತ್ತದೆ. ಇದನ್ನು ವಾಂಟ್ ಥರ ಉಚ್ಚರಿಸಬೇಡಿ. “ಐ ವೋಂಟ್ ಕಮ್” ಬದಲು “ಐ ವಾಂಟ್ ಕಮ್” ಅಂತ ಕೇಳಿಸಿದರೆ, ಬರಲ್ಲ ಅಂದಿದ್ದು ಬರಬೇಕು ಅಂದ ಹಾಗೆ ಅರ್ಥವಾಗುವ ಅಪಾಯ ಇದೆ. ವೋ ಎಳೆದು ಹೇಳಿ.

ಪ್ರಶ್ನೆ ಕೇಳುವಾಗ ವಿಲ್ ಕರ್ತೃವಿನ ಮುಂದಕ್ಕೆ ಜಿಗಿಯುತ್ತದೆ. “ವೆನ್ ಯು ವಿಲ್ ಕಮ್?” ತಪ್ಪು. “ವೆನ್ ವಿಲ್ ಯು ಕಮ್?” ಸರಿ. ಆದರೆ ಅದೇ ಪ್ರಶ್ನೆ ದೊಡ್ಡ ವಾಕ್ಯದ ಒಳಗೆ ಸೇರಿದರೆ ಜಿಗಿತ ಇಲ್ಲ: “ಟೆಲ್ ಮಿ ವೆನ್ ಯು ವಿಲ್ ಕಮ್.”

ಶಲ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಐ, ವಿ ಜೊತೆ ಶಲ್ಲೇ ಬೇಕು ಅಂತ ಹಳೆಯ ಪಾಠಗಳಲ್ಲಿ ಇತ್ತು. ಈಗ ಎಲ್ಲ ಕಡೆ ವಿಲ್ ನಡೆಯುತ್ತದೆ. ಶಲ್ ಉಳಿದಿರುವುದು ಮುಖ್ಯವಾಗಿ ಎರಡು ಕಡೆ. ಒಂದು, ಕೇಳಿ ಮಾಡುವಾಗ: “ಫ್ಯಾನ್ ಹಾಕಲಾ?” ಅನ್ನಲು “ಶಲ್ ಐ ಸ್ವಿಚ್ ಆನ್ ದ ಫ್ಯಾನ್?”, “ಹೋಗೋಣ್ವಾ?” ಅನ್ನಲು “ಶಲ್ ವಿ ಗೋ?” ಇಲ್ಲಿ ವಿಲ್ ಹಾಕಬೇಡಿ. ಇನ್ನೊಂದು, ಕಾನೂನಿನ ಭಾಷೆ. ನಮ್ಮ ಸಂವಿಧಾನದ 1ನೇ ವಿಧಿ “ಇಂಡಿಯಾ, ದಟ್ ಈಸ್ ಭಾರತ್, ಶಲ್ ಬಿ ಎ ಯೂನಿಯನ್ ಆಫ್ ಸ್ಟೇಟ್ಸ್” ಅನ್ನುತ್ತದೆ. ಅದು ಮುಂದೆ ಯಾವಾಗಲೋ ಆಗುವ ಮಾತಲ್ಲ, ಹೀಗೇ ಇರತಕ್ಕದ್ದು ಎಂಬ ವಿಧಿ. ಬಾಡಿಗೆ ಕರಾರು ಓದುವಾಗಲೂ ಶಲ್ ಕಂಡರೆ “ತಕ್ಕದ್ದು” ಅಂತ ಓದಿಕೊಳ್ಳಿ.

## ಹಂತ 4: ಗೋಯಿಂಗ್ ಟು ರೂಪವನ್ನು ಕಟ್ಟಿ

ಕರ್ತೃ, ಆಮ್ ಅಥವಾ ಈಸ್ ಅಥವಾ ಆರ್, ಗೋಯಿಂಗ್ ಟು, ಮೂಲ ರೂಪ. “ದೇ ಆರ್ ಗೋಯಿಂಗ್ ಟು ಸೆಲ್ ದ ಹೌಸ್.” ಆಮ್, ಈಸ್, ಆರ್ ಬಿಟ್ಟುಹೋಗುವುದೇ ಇಲ್ಲಿನ ದೊಡ್ಡ ತಪ್ಪು. ಮಾತಿನ ವೇಗದಲ್ಲಿ ಅವು ಕೇಳಿಸುವುದಿಲ್ಲ. ಹಾಗಾಗಿ ಬರೆಯುವಾಗಲೂ ಮರೆತುಹೋಗುತ್ತವೆ.

“ಗಾನಾ” ಅನ್ನುವುದು ಮಾತಿಗೆ ಇರಲಿ. ಪರೀಕ್ಷೆ, ಅರ್ಜಿ, ಆಫೀಸಿನ ಮೇಲ್‌ನಲ್ಲಿ ಪೂರ್ತಿ ಬರೆಯಿರಿ.

## ಹಂತ 5: ಪ್ರೆಸೆಂಟ್ ರೂಪದಲ್ಲೇ ನಾಳೆಯನ್ನು ಹೇಳಿ

ನಿಗದಿಯಾದ ಕೆಲಸಕ್ಕೆ ಪ್ರೆಸೆಂಟ್ ಕಂಟಿನ್ಯುಯಸ್ ಅಂತ ಹಂತ 2ರಲ್ಲಿ ನೋಡಿದಿರಿ. ಅದಕ್ಕೆ ಸಮಯದ ಪದ ಜೊತೆಗಿರಬೇಕು. “ಐ'ಮ್ ಮೀಟಿಂಗ್ ದ ಮ್ಯಾನೇಜರ್” ಅಂದರೆ ಈಗಲೇ ಭೇಟಿ ನಡೆಯುತ್ತಿದೆ ಅಂದುಕೊಳ್ಳಬಹುದು. “ಆನ್ ಮಂಡೇ” ಸೇರಿಸಿದರೆ ಗೊಂದಲ ಇಲ್ಲ. ಮೊದಲಿನ ಮಾತಿನಿಂದಲೇ ಸಮಯ ಸ್ಪಷ್ಟವಾಗಿದ್ದರೆ ಮತ್ತೆ ಹೇಳಬೇಕಿಲ್ಲ.

ಮನುಷ್ಯರು ಗೊತ್ತು ಮಾಡಲಾಗದ ಸಂಗತಿಗೆ ಇದು ನಡೆಯುವುದಿಲ್ಲ. “ಇಟ್ ಈಸ್ ರೇನಿಂಗ್ ಟುಮಾರೊ” ಅನ್ನುವಂತಿಲ್ಲ. ಮಳೆಯ ಜೊತೆ ಯಾರೂ ಸಮಯ ಗೊತ್ತು ಮಾಡಿಕೊಂಡಿರುವುದಿಲ್ಲ, ಅಲ್ವಾ?

ರೈಲು, ಬಸ್ಸು, ಸಿನಿಮಾ ಶೋ, ಪರೀಕ್ಷೆ, ಕಾಲೇಜು ಶುರುವಾಗುವ ದಿನ, ಇವಕ್ಕೆ ಸಿಂಪಲ್ ಪ್ರೆಸೆಂಟ್: “ದ ಶೋ ಸ್ಟಾರ್ಟ್ಸ್ ಅಟ್ ಸೆವೆನ್.” “ಮೈ ಎಕ್ಸಾಮ್ ಬಿಗಿನ್ಸ್ ಆನ್ ಮಂಡೇ.” ಕ್ಯಾಲೆಂಡರ್‌ನ ಸಂಗತಿಗೂ ಅಷ್ಟೇ: “ಟುಮಾರೊ ಈಸ್ ಸಂಡೇ.”

## ಹಂತ 6: ಇಫ್, ವೆನ್ ಇರುವ ವಾಕ್ಯ

ಅತಿ ಹೆಚ್ಚು ತಪ್ಪು ಆಗುವ ಜಾಗ ಇದು. ನಿಧಾನವಾಗಿ ಓದಿ.

ಇಂಥ ವಾಕ್ಯದಲ್ಲಿ ಎರಡು ಭಾಗ ಇರುತ್ತವೆ. “ಮಳೆ ಬಂದರೆ” ಒಂದು ಭಾಗ, “ಆಟ ನಿಲ್ಲುತ್ತದೆ” ಇನ್ನೊಂದು. ವಿಲ್ ಹೋಗುವುದು ಎರಡನೆಯ ಭಾಗಕ್ಕೆ ಮಾತ್ರ. ಇಫ್ ಭಾಗದಲ್ಲಿ ಪ್ರೆಸೆಂಟ್: “ಇಫ್ ಇಟ್ ರೇನ್ಸ್, ದ ಮ್ಯಾಚ್ ವಿಲ್ ಸ್ಟಾಪ್.” ಭಾಗಗಳನ್ನು ಹಿಂದೆ ಮುಂದೆ ಮಾಡಿದರೂ ನಿಯಮ ಅದೇ: “ದ ಮ್ಯಾಚ್ ವಿಲ್ ಸ್ಟಾಪ್ ಇಫ್ ಇಟ್ ರೇನ್ಸ್.”

ಕನ್ನಡದಲ್ಲೂ “ಮಳೆ ಬಂದರೆ” ಅನ್ನುತ್ತೇವೆ. “ಮಳೆ ಬರುತ್ತದೆ ಆದರೆ” ಅನ್ನುವುದಿಲ್ಲ. ಅಂದರೆ ಷರತ್ತಿನ ಭಾಗದಲ್ಲಿ ನಾವೂ “ಬರುತ್ತದೆ” ಹಾಕುವುದಿಲ್ಲ. ಇದನ್ನು ನೆನಪಿಟ್ಟರೆ ಇಫ್ ಪಕ್ಕ ವಿಲ್ ಬರೆಯಲು ಕೈ ತಾನೇ ಹಿಂಜರಿಯುತ್ತದೆ.

ಆದರೆ “ಬಂದರೆ” ಒಳಗೆ “ಬಂದ” ಇದೆ ಅಂತ ಇಂಗ್ಲಿಷ್‌ನಲ್ಲೂ ಪಾಸ್ಟ್ ಹಾಕಬೇಡಿ. “ಇಫ್ ಹಿ ಕೇಮ್ ಟುಮಾರೊ” ಅಂದರೆ ಅವನು ಬರುವುದು ಅನುಮಾನ, ಸುಮ್ನೆ ಊಹೆ ಮಾಡುತ್ತಿದ್ದೇನೆ ಎಂಬ ಅರ್ಥ ಬರುತ್ತದೆ. ನಿಜವಾಗಿ ಬರುವ ಸಾಧ್ಯತೆ ಇದ್ದರೆ “ಇಫ್ ಹಿ ಕಮ್ಸ್.”

ಇದೇ ನಿಯಮ ಇನ್ನೂ ಹಲವು ಪದಗಳಿಗೆ ಇದೆ. ಕನ್ನಡದ ಬಾಲ ನೋಡಿ ಗುರುತಿಸಬಹುದು:

ಬಂದಾಗ: ವೆನ್ ಹಿ ಕಮ್ಸ್
ಬಂದ ಕೂಡಲೇ: ಆಸ್ ಸೂನ್ ಆಸ್ ಹಿ ಕಮ್ಸ್
ಬಂದ ಮೇಲೆ: ಆಫ್ಟರ್ ಹಿ ಕಮ್ಸ್
ಬರೋ ಮುಂಚೆ: ಬಿಫೋರ್ ಹಿ ಕಮ್ಸ್
ಬರೋ ತನಕ: ಅನ್‌ಟಿಲ್ ಹಿ ಕಮ್ಸ್
ಬರದಿದ್ದರೆ, ಬಂದ ಹೊರತು: ಅನ್‌ಲೆಸ್ ಹಿ ಕಮ್ಸ್

ಬಲಗಡೆ ಎಲ್ಲೂ ವಿಲ್ ಇಲ್ಲ ಅನ್ನುವುದನ್ನು ಗಮನಿಸಿ. ಅನ್‌ಲೆಸ್ ಮತ್ತು ಅನ್‌ಟಿಲ್ ಜೊತೆ ಇನ್ನೊಂದು ತಪ್ಪು ಅಂಟಿಕೊಂಡು ಬರುತ್ತದೆ. ಅನ್‌ಲೆಸ್ ಒಳಗೆ “ಇಲ್ಲ” ಆಗಲೇ ಇದೆ. “ಅನ್‌ಲೆಸ್ ಹಿ ಡಸಂಟ್ ಕಮ್” ಅಂದರೆ ಅರ್ಥ ತಿರುಗುಮುರುಗಾಗುತ್ತದೆ. “ಅನ್‌ಟಿಲ್ ಯು ಡೋಂಟ್ ಕಮ್, ಐ ವೋಂಟ್ ಈಟ್” ಕೂಡ ತಪ್ಪು. “ಐ ವೋಂಟ್ ಈಟ್ ಅನ್‌ಟಿಲ್ ಯು ಕಮ್” ಸಾಕು.

ಕೆಲಸ ಪೂರ್ತಿ ಮುಗಿಯಬೇಕು ಅಂತ ಒತ್ತಿ ಹೇಳಬೇಕಿದ್ದರೆ ಪ್ರೆಸೆಂಟ್ ಪರ್ಫೆಕ್ಟ್, ಅಂದರೆ ಹ್ಯಾವ್ ಅಥವಾ ಹ್ಯಾಸ್ ಜೊತೆ ಮೂರನೆಯ ರೂಪ ಹಾಕಿ: “ಐ'ಲ್ ಕಾಲ್ ಯು ವೆನ್ ಐ ಹ್ಯಾವ್ ಫಿನಿಶ್ಡ್ ದ ವರ್ಕ್.”

ಈಗ ಎಲ್ಲರನ್ನೂ ಗೊಂದಲ ಮಾಡುವ ಜಾಗ. “ಐ ಡೋಂಟ್ ನೋ ವೆನ್ ಹಿ ವಿಲ್ ಕಮ್.” ಇಲ್ಲಿ ವೆನ್ ಪಕ್ಕ ವಿಲ್ ಇದೆ, ಆದರೂ ಸರಿ! ಯಾಕೆ? ಕನ್ನಡಕ್ಕೆ ತಿರುಗಿಸಿ ನೋಡಿ: “ಅವನು ಯಾವಾಗ ಬರ್ತಾನೋ ಗೊತ್ತಿಲ್ಲ.” ಇಲ್ಲಿ “ಬಂದಾಗ” ಇಲ್ಲ, “ಯಾವಾಗ” ಇದೆ. ಅಂದರೆ ಇದು ಒಳಗೆ ಅಡಗಿದ ಪ್ರಶ್ನೆ. ಇಫ್‌ಗೂ ಹೀಗೇ. “ಬರ್ತಾನೋ ಇಲ್ವೋ ಗೊತ್ತಿಲ್ಲ” ಅಂದರೆ “ಐ ಡೋಂಟ್ ನೋ ಇಫ್ ಹಿ ವಿಲ್ ಕಮ್”, ವಿಲ್ ಇರಬಹುದು. “ಬಂದರೆ ಹೇಳು” ಅಂದರೆ “ಟೆಲ್ ಮಿ ಇಫ್ ಹಿ ಕಮ್ಸ್”, ವಿಲ್ ಇಲ್ಲ.

ಹೀಗೆ ಪರೀಕ್ಷೆ ಮಾಡಿ: ಕನ್ನಡದಲ್ಲಿ “ಯಾವಾಗ” ಅಥವಾ “ಇಲ್ವೋ” ಬಂದರೆ ವಿಲ್ ಇರಲಿ. “-ದಾಗ” ಅಥವಾ “-ದರೆ” ಬಂದರೆ ವಿಲ್ ತೆಗೆಯಿರಿ. ಇಂಗ್ಲಿಷ್ ನಿಯಮವನ್ನು ಉರುಹೊಡೆಯುವುದಕ್ಕಿಂತ ಈ ದಾರಿ ಸುಲಭ, ಯಾಕೆಂದರೆ ಕನ್ನಡದಲ್ಲಿ ಯಾರೂ ಈ ಎರಡನ್ನು ಬೆರೆಸುವುದಿಲ್ಲ.

ಎಚ್ಚರಿಕೆಯ ಗುರುತು: ಒಂದೇ ವಾಕ್ಯದಲ್ಲಿ ಎರಡು ವಿಲ್ ಕಂಡರೆ, ಒಂದು ಬಹುತೇಕ ತಪ್ಪಾಗಿರುತ್ತದೆ. ಇಫ್, ವೆನ್ ಇರುವ ಕಡೆಯದನ್ನು ಮೊದಲು ಅನುಮಾನಿಸಿ.

## ಹಂತ 7: “ಇರ್ತೀನಿ” ಇರುವ ವಾಕ್ಯ

ಫ್ಯೂಚರ್ ಕಂಟಿನ್ಯುಯಸ್, ಫ್ಯೂಚರ್ ಪರ್ಫೆಕ್ಟ್ ಅಂದರೆ ಹೆದರುವವರು ಬಹಳ. ನಾವು ಇವನ್ನು ದಿನಾ ಕನ್ನಡದಲ್ಲಿ ಬಳಸುತ್ತೇವೆ.

“ಮಾಡ್ತಾ ಇರ್ತೀನಿ” ಅಂದರೆ ವಿಲ್ ಬಿ, ಜೊತೆಗೆ ಇಂಗ್ ರೂಪ. “ನಾಳೆ ಈ ಹೊತ್ತಿಗೆ ಪರೀಕ್ಷೆ ಬರೀತಾ ಇರ್ತೀನಿ”: “ದಿಸ್ ಟೈಮ್ ಟುಮಾರೊ, ಐ'ಲ್ ಬಿ ರೈಟಿಂಗ್ ಮೈ ಎಕ್ಸಾಮ್.”

“ಮಾಡಿರ್ತೀನಿ” ಅಂದರೆ ವಿಲ್ ಹ್ಯಾವ್, ಜೊತೆಗೆ ಮೂರನೆಯ ರೂಪ. “ನೀನು ಬರೋ ಹೊತ್ತಿಗೆ ಅಡುಗೆ ಮಾಡಿರ್ತೀನಿ”: “ಬೈ ದ ಟೈಮ್ ಯು ಕಮ್, ಐ ವಿಲ್ ಹ್ಯಾವ್ ಕುಕ್ಡ್.” ಬೈ ದ ಟೈಮ್ ಪಕ್ಕವೂ ವಿಲ್ ಇಲ್ಲ, ಹಂತ 6ರ ನಿಯಮವೇ. ಕರ್ತೃ ಹಿ, ಶಿ ಆದರೂ ಹ್ಯಾವ್ ಹ್ಯಾವ್ ಆಗಿಯೇ ಇರುತ್ತದೆ. “ಶಿ ವಿಲ್ ಹ್ಯಾಸ್ ಗಾನ್” ಅನ್ನಬೇಡಿ.

ಇವೆರಡೂ ಸೇರಿದ ಉದ್ದ ರೂಪವೂ ಇದೆ. “ಬರುವ ಜೂನ್‌ಗೆ ಇಲ್ಲಿ ಕೆಲಸ ಮಾಡೋಕೆ ಶುರು ಮಾಡಿ ಐದು ವರ್ಷ ಆಗಿರುತ್ತೆ”: “ಬೈ ನೆಕ್ಸ್ಟ್ ಜೂನ್, ಐ ವಿಲ್ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್.” ಬೇಕಾಗುವುದು ಅಪರೂಪ. ಗುರುತಿಸಲು ಬಂದರೆ ಸಾಕು.

ಈ ಹಂತದಲ್ಲಿ ಕ್ರಿಯಾಪದಕ್ಕಿಂತ ಸಮಯದ ಪದವೇ ಜಾಸ್ತಿ ಕೈ ಕೊಡುತ್ತದೆ. “ಐದು ಗಂಟೆಯೊಳಗೆ” ಅಂದರೆ ಬೈ ಫೈವ್. “ಐದು ಗಂಟೆ ತನಕ” ಅಂದರೆ ಟಿಲ್ ಫೈವ್. “ಐ ವಿಲ್ ಫಿನಿಶ್ ಇಟ್ ಟಿಲ್ ಫೈವ್” ತಪ್ಪು. “ಐ ವಿಲ್ ವೇಟ್ ಬೈ ಫೈವ್” ಅದೂ ತಪ್ಪು. ಇನ್ನು “ಎರಡು ದಿನ ಬಿಟ್ಟು ಬರ್ತೀನಿ” ಅನ್ನುವುದಕ್ಕೆ “ಆಫ್ಟರ್ ಟು ಡೇಸ್” ಬದಲು “ಐ'ಲ್ ಕಮ್ ಇನ್ ಟು ಡೇಸ್” ಅನ್ನುವುದು ಸಹಜ.

ನೋ, ಅಂಡರ್‌ಸ್ಟ್ಯಾಂಡ್, ಬಿಲೀವ್, ನೀಡ್ ಥರದ ಪದಗಳಿಗೆ ಇಂಗ್ ಹಚ್ಚಬೇಡಿ. “ಯು ವಿಲ್ ಬಿ ನೋಯಿಂಗ್ ಹಿಮ್” ನಮ್ಮ ಆಫೀಸುಗಳಲ್ಲಿ ಕೇಳಿಬರುತ್ತದೆ. ನಾಳೆಯ ಮಾತೂ ಅಲ್ಲ ಅದು. ಹೇಳಬೇಕಾದ್ದು “ಯು ನೋ ಹಿಮ್” ಅಥವಾ “ಯು ಮಸ್ಟ್ ನೋ ಹಿಮ್.”

## ಹಂತ 8: “ಬರ್ತೀನಿ ಅಂದ”, “ಬರಬಹುದು”

“ಅವನು ನಾಳೆ ಬರ್ತೀನಿ ಅಂತ ಹೇಳಿದ.” ಕನ್ನಡದಲ್ಲಿ ಅವನ ಮಾತನ್ನು ಅವನ ಬಾಯಿಂದ ಬಂದ ಹಾಗೇ ಇಟ್ಟು “ಅಂತ” ಸೇರಿಸುತ್ತೇವೆ. ಅದನ್ನೇ ಇಂಗ್ಲಿಷ್‌ಗೆ ಎತ್ತಿ ಇಟ್ಟಾಗ “ಹಿ ಟೋಲ್ಡ್ ದಟ್ ಐ ವಿಲ್ ಕಮ್” ಆಗುತ್ತದೆ. ಓದಿದವರಿಗೆ ಬರುವವರು ನೀವು ಅಂತ ಅರ್ಥವಾಗುತ್ತದೆ! ಆಫೀಸಿನ ಮೇಲ್‌ನಲ್ಲಿ ಇದರಿಂದ ಯಾರು ಯಾವ ಕೆಲಸ ಒಪ್ಪಿಕೊಂಡರು ಎಂಬುದೇ ಅದಲು ಬದಲಾಗಬಹುದು.

ಸರಿ ಮಾಡಲು ಮೂರು ಕೆಲಸ, ಇದೇ ಕ್ರಮದಲ್ಲಿ. ಮೊದಲು ಐ ತೆಗೆದು ಹಿ ಹಾಕಿ. ಆಮೇಲೆ ವಿಲ್ ತೆಗೆದು ವುಡ್ ಹಾಕಿ. ಕೊನೆಗೆ ಟೋಲ್ಡ್ ನೋಡಿ: ಟೋಲ್ಡ್ ಇದ್ದರೆ ಯಾರಿಗೆ ಅನ್ನುವುದು ಬೇಕೇ ಬೇಕು, ಇಲ್ಲದಿದ್ದರೆ ಸೆಡ್ ಹಾಕಿ. “ಹಿ ಸೆಡ್ ಹಿ ವುಡ್ ಕಮ್.” “ಹಿ ಟೋಲ್ಡ್ ಮಿ ಹಿ ವುಡ್ ಕಮ್.” ಬರುವುದು ಇನ್ನೂ ಬಾಕಿ ಇದ್ದರೆ ವಿಲ್ ಉಳಿಸಿಕೊಂಡರೂ ದೊಡ್ಡ ತಪ್ಪಲ್ಲ. ಐ ಉಳಿದರೆ ಮಾತ್ರ ಅನರ್ಥ.

“ಬರಬಹುದು” ಅನ್ನಲು ಮೇ ಅಥವಾ ಮೈಟ್ ಸಾಕು. ಅದರ ಪಕ್ಕ ವಿಲ್ ಬೇಡ. “ಇನ್ನೇನು ಹೊರಡೋದರಲ್ಲಿದ್ದೀನಿ” ಅನ್ನಲು “ಐ'ಮ್ ಅಬೌಟ್ ಟು ಲೀವ್.” ಪ್ರಾಬಬ್ಲಿ ಹಾಕುವಾಗ ಜಾಗ ನೋಡಿ: “ಹಿ ವಿಲ್ ಪ್ರಾಬಬ್ಲಿ ಕಮ್”, ಆದರೆ “ಹಿ ಪ್ರಾಬಬ್ಲಿ ವೋಂಟ್ ಕಮ್.”

## ಹಂತ 9: ಬರೆದದ್ದನ್ನು ಕೆಂಪು ಪೆನ್ನಿನಲ್ಲಿ ತಪಾಸಣೆ ಮಾಡಿ

ಬರೆಯುವಾಗಲೇ ಎಲ್ಲ ನಿಯಮ ನೆನಪಿಟ್ಟುಕೊಳ್ಳಲು ಹೋದರೆ ಮಾತೇ ನಿಂತುಹೋಗುತ್ತದೆ. ಮೊದಲು ಬರೆದುಬಿಡಿ. ಆಮೇಲೆ ಪ್ರತಿ ವಿಲ್‌ಗೂ ಕೆಂಪು ಸುತ್ತು ಹಾಕಿ.

ಸುತ್ತಿನ ಬಲಕ್ಕೆ ನೋಡಿ: ಮೂಲ ರೂಪದ ಕ್ರಿಯಾಪದ ಇದೆಯಾ, ಬಿ ಬಿಟ್ಟುಹೋಗಿದೆಯಾ? ಎಡಕ್ಕೆ ನೋಡಿ: ಇಫ್, ವೆನ್, ಆಫ್ಟರ್, ಅನ್‌ಟಿಲ್ ಇದೆಯಾ? ಇಡೀ ವಾಕ್ಯ ನೋಡಿ: ದಿನದ ರೂಢಿಯ ಮಾತಾ? ಇಷ್ಟು ಮಾಡಿದರೆ ಹೆಚ್ಚಿನ ತಪ್ಪು ಅಲ್ಲೇ ಸಿಕ್ಕಿಬೀಳುತ್ತವೆ. ಒಂದು ಪ್ಯಾರಾದ ಪ್ರತಿ ವಾಕ್ಯದಲ್ಲೂ ಕೆಂಪು ಸುತ್ತು ಇದ್ದರೆ, ವ್ಯಾಕರಣ ಸರಿ ಇದ್ದರೂ ಹಂತ 2ಕ್ಕೆ ಹಿಂತಿರುಗಿ. ನಿಗದಿಯಾದ ಕೆಲಸಗಳಿಗೂ ವಿಲ್ ಹಾಕಿರುತ್ತೀರಿ.

## ಹಂತ 10: ಒಂದು ಮೆಸೇಜ್ ಪೂರ್ತಿ ಮಾಡಿ ನೋಡೋಣ

ಕನ್ನಡದಲ್ಲಿ ಹೀಗಿದೆ: “ಶನಿವಾರ ಹುಬ್ಬಳ್ಳಿಗೆ ಹೋಗ್ತಾ ಇದೀನಿ, ಟಿಕೆಟ್ ಆಗಿದೆ. ರೈಲು ರಾತ್ರಿ ಹತ್ತಕ್ಕೆ ಹೊರಡುತ್ತೆ. ಮನೆ ತಲುಪಿದ ಮೇಲೆ ಫೋನ್ ಮಾಡ್ತೀನಿ. ಮಳೆ ಬಂದರೆ ಆಟೋ ಸಿಗಲ್ಲ. ಮಾವ ಸ್ಟೇಷನ್‌ಗೆ ಬರ್ತೀನಿ ಅಂದ್ರು. ಸೋಮವಾರದೊಳಗೆ ವಾಪಸ್ ಬಂದಿರ್ತೀನಿ.”

ಓದುವುದನ್ನು ಇಲ್ಲೇ ನಿಲ್ಲಿಸಿ, ಮೊದಲು ನೀವೇ ಬರೆಯಿರಿ. ಆಮೇಲೆ ಹೋಲಿಸಿ.

ಟಿಕೆಟ್ ಆಗಿದೆ, ನಿಗದಿಯಾದ ಕೆಲಸ: “ಐ'ಮ್ ಗೋಯಿಂಗ್ ಟು ಹುಬ್ಬಳ್ಳಿ ಆನ್ ಸ್ಯಾಟರ್ಡೇ.” ಇಲ್ಲಿನ ಗೋಯಿಂಗ್ ಟು ಹಂತ 4ರದ್ದಲ್ಲ, ನಿಜವಾದ ಹೋಗುವುದು. ಟು ಆದ ಮೇಲೆ ಊರು ಬಂದಿದೆ, ಕ್ರಿಯಾಪದ ಬಂದಿಲ್ಲ.

ಟೈಮ್‌ಟೇಬಲ್: “ದ ಟ್ರೇನ್ ಲೀವ್ಸ್ ಅಟ್ ಟೆನ್ ಅಟ್ ನೈಟ್.”

“ತಲುಪಿದ ಮೇಲೆ” ಭಾಗಕ್ಕೆ ಪ್ರೆಸೆಂಟ್, ಮಾತು ಕೊಡುವ ಭಾಗಕ್ಕೆ ವಿಲ್: “ಐ'ಲ್ ಕಾಲ್ ಯು ಆಫ್ಟರ್ ಐ ರೀಚ್ ಹೋಮ್.”

“-ದರೆ” ಇದೆ: “ಇಫ್ ಇಟ್ ರೇನ್ಸ್, ಐ ವೋಂಟ್ ಗೆಟ್ ಆ್ಯನ್ ಆಟೋ.”

ಮಾವನ ಮಾತು: “ಮೈ ಅಂಕಲ್ ಸೆಡ್ ಹಿ ವುಡ್ ಕಮ್ ಟು ದ ಸ್ಟೇಷನ್.”

ಕೊನೆಯ ವಾಕ್ಯಕ್ಕೆ “ಐ ವಿಲ್ ಹ್ಯಾವ್ ಕಮ್ ಬ್ಯಾಕ್ ಬೈ ಮಂಡೇ” ಅಂತ ಬರೆದಿದ್ದರೆ ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಬರುವುದಕ್ಕಿಂತ ಬಂದು ಇರುವುದು ಮುಖ್ಯವಾದಾಗ ಜನ ಚಿಕ್ಕದಾಗಿ “ಐ'ಲ್ ಬಿ ಬ್ಯಾಕ್ ಬೈ ಮಂಡೇ” ಅನ್ನುತ್ತಾರೆ. ಬಿ ಹಾಕಿದ್ದೀರಾ, ಟಿಲ್ ಬದಲು ಬೈ ಬಂದಿದೆಯಾ, ಅದನ್ನು ಮಾತ್ರ ನೋಡಿಕೊಳ್ಳಿ.